ಜಾವಾಗೆ ಮುಂಚೆ ಸಿ ಕಲೀಲೇಬೇಕಾ?

ಪಿಯುಸಿ, ಡಿಗ್ರಿ ರಿಸಲ್ಟ್ ಬರೋ ಹೊತ್ತಿಗೆ ಊರ ಕಡೆಯಿಂದ ನನ್ನ ಫೋನಿಗೆ ಬರೋ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. "ಅಣ್ಣಾ, ಜಾವಾ ಕಲೀಬೇಕು ಅಂತಿದೀನಿ. ಫಸ್ಟು ಸಿ ಮುಗಿಸ್ಕೊಂಡು, ಆಮೇಲೆ ಸಿ ಪ್ಲಸ್ ಪ್ಲಸ್ ಮಾಡ್ಕೊಂಡು, ಅದಾದ್ಮೇಲೇ ಜಾವಾಗೆ ಬರ್ಬೇಕಂತೆ. ಹೌದಾ?" ಕೇಳೋರು ಹುಣಸೂರಿನ ಬಿಸಿಎ ಹುಡುಗ ಇರಬಹುದು, ಕೆ.ಆರ್. ನಗರದಲ್ಲಿ ಡಿಪ್ಲೊಮಾ ಮುಗಿಸಿದವನು ಇರಬಹುದು, ಪಿರಿಯಾಪಟ್ಟಣದಲ್ಲಿ ಬಿಎಸ್ಸಿ ಮಾಡಿ ಎರಡು ವರ್ಷ ಅಂಗಡಿ ಲೆಕ್ಕ ಬರೆದು ಈಗ ಐಟಿ ಕಡೆ ಬರಬೇಕು ಅಂದುಕೊಂಡವರೂ ಇರಬಹುದು. ಪ್ರಶ್ನೆ ಮಾತ್ರ ಬದಲಾಗಲ್ಲ.

ಬೆಂಗಳೂರಲ್ಲಿ ಕೂತು ನೋಡಿದರೆ ಇದು ಚಿಕ್ಕ ವಿಷಯ. ಏನಾದ್ರೂ ಒಂದು ಶುರು ಮಾಡು ಮಾರಾಯ, ಆಗುತ್ತೆ ಅಂದುಬಿಡಬಹುದು. ಆದ್ರೆ ನಮ್ಮ ನಾಲ್ಕು ತಾಲ್ಲೂಕಿನ ಲೆಕ್ಕ ಬೇರೆ. ನಮಗೆ ಕೋಚಿಂಗು ಅಂದ್ರೆ ಮೈಸೂರು. ಕೆ.ಆರ್. ನಗರದವರಿಗಾದ್ರೆ ರೈಲಾದ್ರೂ ಇದೆ, ಉಳಿದ ಮೂರು ಊರಿನವರಿಗೆ ಬಸ್ಸೇ ಗತಿ. ಹುಣಸೂರಿಂದ 45 ಕಿಲೋಮೀಟರ್ ಆಸುಪಾಸು, ಪಿರಿಯಾಪಟ್ಟಣದಿಂದ ಇನ್ನೂ ದೂರ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಉಳೀತು. ದಿನಕ್ಕೆ ಮೂರು ಗಂಟೆ ಬಸ್ಸಲ್ಲಿ ಕೂರೋದು ಉಳೀಲಿಲ್ಲ.

ಎಚ್.ಡಿ. ಕೋಟೆ ಕಡೆಯ ನನ್ನ ಚಿಕ್ಕಮ್ಮನ ಮಗಳದ್ದೇ ತಗೊಳ್ಳಿ. ಬಿ.ಕಾಂ. ಮುಗಿಸಿದ್ದಾಳೆ. ಮನೇಲಿ ಒಂದು ವರ್ಷ ಟೈಮ್ ಕೊಟ್ಟಿದ್ದಾರೆ. ಅಷ್ಟರೊಳಗೆ ಕೆಲಸ ಸಿಕ್ಕಿದ್ರೆ ಸಿಕ್ತು, ಇಲ್ಲಾಂದ್ರೆ ಗಂಡು ನೋಡೋ ಮಾತು. ಒಂದು ಇನ್‌ಸ್ಟಿಟ್ಯೂಟ್‌ನವರು ಅವಳಿಗೆ ಬರೆದುಕೊಟ್ಟ ಚೀಟಿ ಹೀಗಿತ್ತು: ಸಿ ಮೂರು ತಿಂಗಳು, ಸಿ ಪ್ಲಸ್ ಪ್ಲಸ್ ಮೂರು ತಿಂಗಳು, ಜಾವಾ ನಾಲ್ಕು ತಿಂಗಳು. ಮೂರಕ್ಕೂ ಬೇರೆ ಬೇರೆ ಫೀಸು, ಮೂರೂ ಒಟ್ಟಿಗೆ ಕಟ್ಟಿದ್ರೆ ಡಿಸ್ಕೌಂಟು. ಹನ್ನೆರಡು ತಿಂಗಳಲ್ಲಿ ಹತ್ತು ಅಲ್ಲೇ ಹೋಯ್ತು. ಇಂಟರ್‌ವ್ಯೂನಲ್ಲಿ ಕೇಳೋ ಎಸ್‌ಕ್ಯೂಎಲ್ಲು, ಒಂದು ಚಿಕ್ಕ ಪ್ರಾಜೆಕ್ಟು, ರೆಸ್ಯೂಮೆ ಇವಕ್ಕೆಲ್ಲ ಉಳಿದಿದ್ದು ಎರಡು ತಿಂಗಳು. ಹಾಗಾಗಿ "ಮೊದಲು ಸಿ ಬೇಕಾ" ಅನ್ನೋದು ಅವಳ ಪಾಲಿಗೆ ಕಾಲೇಜು ಕ್ಯಾಂಟೀನಿನ ಚರ್ಚೆ ಅಲ್ಲ, ಅರ್ಧ ವರ್ಷದ ಪ್ರಶ್ನೆ.

ನಾನು ಅವಳಿಗೆ ಹೇಳಿದ್ದು: ಬೇಡ. ನೇರವಾಗಿ ಜಾವಾನೋ ಪೈಥಾನೋ ಶುರು ಮಾಡು. ಆದ್ರೆ ಕ್ಲಾಸು, ಆಬ್ಜೆಕ್ಟು ಅಂತ ಮೊದಲ ವಾರಕ್ಕೇ ಹೋಗಬೇಡ. ಈ ಎರಡನೇ ಮಾತು ಮೊದಲನೇದಕ್ಕಿಂತ ಮುಖ್ಯ, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಈ ಮೆಟ್ಟಿಲಿನ ನಂಬಿಕೆ ಎಲ್ಲಿಂದ ಬಂತು ನೋಡೋಣ. ನನ್ನ ವಯಸ್ಸಿನ ಎಂಜಿನಿಯರುಗಳಿಗೆ ಬಹುಶಃ ವಿಟಿಯುನಿಂದಲೇ. ನಮ್ಮದು 2010ರ ಸ್ಕೀಮು. ಮೊದಲ ವರ್ಷ ಯಾವ ಬ್ರಾಂಚ್ ಆದರೂ ಸಿಸಿಪಿ, ಅಂದ್ರೆ ಕಂಪ್ಯೂಟರ್ ಕಾನ್ಸೆಪ್ಟ್ಸ್ ಅಂಡ್ ಸಿ ಪ್ರೋಗ್ರಾಮಿಂಗ್. ಮೂರನೇ ಸೆಮಿಸ್ಟರಿಗೆ ಸಿ ಪ್ಲಸ್ ಪ್ಲಸ್. ಜಾವಾ ಬಂದಿದ್ದು ಏಳನೇ ಸೆಮಿಸ್ಟರಿನಲ್ಲಿ, ಅದೂ ಎಲೆಕ್ಟಿವ್ ಆಗಿ. ಹಂಗೆ ಓದಿ ಬಂದವರೇ ಆಮೇಲೆ ಲೆಕ್ಚರರ್ ಆದರು, ಇನ್‌ಸ್ಟಿಟ್ಯೂಟ್ ಇಟ್ಟರು, ಅಣ್ಣ ಅಕ್ಕ ಅಂತ ಕೇಳೋ ತಮ್ಮಂದಿರಿಗೆ ಸಲಹೆ ಕೊಟ್ಟರು. ನಾವು ಹತ್ತಿದ ಮೆಟ್ಟಿಲು ಅದು, ಅದಕ್ಕೇ ಅದೇ ದಾರಿ ಅಂತ ತೋರಿಸ್ತೀವಿ.

ಆದ್ರೆ ಅದೇ ಕರ್ನಾಟಕದಲ್ಲಿ, ಅದೇ ವರ್ಷಗಳಲ್ಲಿ, ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತಗೊಂಡ ಮಕ್ಕಳು ಸಿ ಮುಖ ನೋಡದೆಯೇ ಸಿ ಪ್ಲಸ್ ಪ್ಲಸ್ ಕಲಿತಿದ್ದಾರೆ. ಫಸ್ಟ್ ಪಿಯುನಲ್ಲಿ ಅದರ ಬೇಸಿಕ್ಸು, ಸೆಕೆಂಡ್ ಪಿಯುನಲ್ಲಿ ಕ್ಲಾಸು, ಕನ್‌ಸ್ಟ್ರಕ್ಟರು, ಇನ್‌ಹೆರಿಟೆನ್ಸು. ಹದಿನೇಳು ವರ್ಷದ ಮಕ್ಕಳು, ಬೋರ್ಡ್ ಎಕ್ಸಾಮ್‌ನಲ್ಲಿ ಬರೆದು ಪಾಸಾದರು. (ಲ್ಯಾಬಿನಲ್ಲಿ ಮಾತ್ರ ಆ ಟರ್ಬೋ ಸಿ ಪ್ಲಸ್ ಪ್ಲಸ್‌ನ ನೀಲಿ ಪರದೆ! 1998ರ ಸ್ಟ್ಯಾಂಡರ್ಡಿನಲ್ಲೇ ಕೈಬಿಟ್ಟಿದ್ದ ಹೆಡರ್ ಫೈಲುಗಳನ್ನ ನಮ್ಮ ಮಕ್ಕಳು ಅದಾದ ಎಷ್ಟೋ ವರ್ಷಗಳ ತನಕ ಬಾಯಿಪಾಠ ಮಾಡ್ತಿದ್ದರು. ಅದು ಬೇರೆ ಕಥೆ.) ಈಗ ಪಿಯುನಲ್ಲಿ ಪೈಥಾನ್ ಬಂದಿದೆ. ಅಲ್ಲೂ ಯಾರೂ "ಮೊದಲು ಸಿ ಮುಗಿಸಿ ಬನ್ನಿ" ಅನ್ನಲ್ಲ.

ಇನ್ನೂ ತಮಾಷೆ ಅಂದ್ರೆ ವಿಟಿಯುನ 2022ರ ಸ್ಕೀಮು. ಕಂಪ್ಯೂಟರ್ ಸೈನ್ಸ್ ಕಡೆಯವರಿಗೆ ಸಿ ಬರೋದು ಫಿಸಿಕ್ಸ್ ಸೈಕಲ್‌ನಲ್ಲಿ. ಕೆಮಿಸ್ಟ್ರಿ ಸೈಕಲ್‌ನಲ್ಲಿ ಪ್ರೋಗ್ರಾಮಿಂಗ್ ಭಾಷೆ ಒಂದನ್ನ ಆರಿಸ್ಕೋಬೇಕು: ಪೈಥಾನ್, ಜಾವಾ, ಸಿ ಪ್ಲಸ್ ಪ್ಲಸ್, ವೆಬ್ ಇವುಗಳಲ್ಲಿ ಕಾಲೇಜು ಕೊಡೋದು ಯಾವುದೋ ಅದು. ಅಂದ್ರೆ ಒಂದೇ ಕಾಲೇಜಿನ ಒಂದೇ ಬ್ಯಾಚಿನಲ್ಲಿ ಅರ್ಧ ಜನ ಮೊದಲು ಸಿ ಕಲಿತು ಆಮೇಲೆ ಪೈಥಾನಿಗೋ ಜಾವಾಗೋ ಹೋದರೆ, ಇನ್ನರ್ಧ ಜನ ಉಲ್ಟಾ ಬರ್ತಾರೆ. ಯಾರಿಗೆ ಯಾವ ಸೈಕಲ್ ಅನ್ನೋದನ್ನ ತೀರ್ಮಾನ ಮಾಡೋದು ಸೆಕ್ಷನ್ ಪಟ್ಟಿ. ಮೂರನೇ ಸೆಮಿಸ್ಟರಿನ ಜಾವಾ ಕ್ಲಾಸಿಗೆ ಬಂದಾಗ ಇಬ್ಬರೂ ಪಕ್ಕಪಕ್ಕದ ಬೆಂಚಿನಲ್ಲೇ ಕೂರ್ತಾರೆ. ಸಿ ಮೊದಲು ಬರದಿದ್ರೆ ತಲೆ ಓಡಲ್ಲ ಅನ್ನೋದು ನಿಜವಾಗಿದ್ರೆ ಯೂನಿವರ್ಸಿಟಿ ಹೀಗೆ ಇಡ್ತಿರಲಿಲ್ಲ.

ಸಿ ಪ್ಲಸ್ ಪ್ಲಸ್ ಹುಟ್ಟಿಸಿದ ಮನುಷ್ಯನೇ ಏನಂತಾರೆ? ಬ್ಯಾರ್ನೆ ಸ್ಟ್ರೌಸ್ಟ್ರಪ್ ಬೆಲ್ ಲ್ಯಾಬ್ಸ್‌ನಲ್ಲಿ 1979ರಲ್ಲಿ ಶುರು ಮಾಡಿದಾಗ ಅದರ ಹೆಸರೇ 'ಸಿ ವಿತ್ ಕ್ಲಾಸಸ್' ಅಂತಿತ್ತು. 1983ರಲ್ಲಿ ಸಿ ಪ್ಲಸ್ ಪ್ಲಸ್ ಆಯ್ತು. ಸಿ ಮೇಲೆಯೇ ಕಟ್ಟಿದ ಭಾಷೆ ಅಂದಮೇಲೆ ಸಿ ಮೊದಲು ಕಲಿಯೋದೇ ಸರಿ ಅಂತ ಅವರು ಹೇಳಬೇಕಿತ್ತು ತಾನೇ? ಅವರು 1999ರಲ್ಲಿ ಲೇಖನವನ್ನೇ ಬರೆದರು, ಸಿ ಪ್ಲಸ್ ಪ್ಲಸ್ಸನ್ನ ಒಂದು ಹೊಸ ಭಾಷೆ ಅಂತಲೇ ಕಲೀರಿ, ಅದಕ್ಕೆ ಮುಂಚೆ ಸಿ ಬೇಕಾಗಿಲ್ಲ ಅಂತ. ಅವರ ವಾದ ಸರಳ: ಸಿ ಮೊದಲು ಕಲಿತವರು ಪಾಯಿಂಟರು, ಕ್ಯಾರೆಕ್ಟರ್ ಅರೇ ಅಂತ ಕಷ್ಟದ ದಾರಿಯನ್ನ ಮೊದಲು ಅಭ್ಯಾಸ ಮಾಡ್ಕೋತಾರೆ, ಆಮೇಲೆ ಅದನ್ನ ಬಿಡೋಕೆ ಇನ್ನೊಂದಿಷ್ಟು ಕಾಲ ಬೇಕು. 2008ರಲ್ಲಿ ಅವರು ಪ್ರೋಗ್ರಾಮಿಂಗೇ ಗೊತ್ತಿಲ್ಲದ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಅಂತ ಬರೆದ ದಪ್ಪ ಪುಸ್ತಕ ಶುರುವಾಗೋದೂ ಸಿ ಪ್ಲಸ್ ಪ್ಲಸ್‌ನಿಂದಲೇ.

ಇದಕ್ಕಿಂತ ಹಳೇ ಉದಾಹರಣೆ ಇದೆ. ನನಗೆ ಇಷ್ಟವಾದದ್ದು ಅದೇ. 'ಆಬ್ಜೆಕ್ಟ್ ಓರಿಯೆಂಟೆಡ್' ಅನ್ನೋ ಹೆಸರನ್ನ ಕೊಟ್ಟವರು ಅಲನ್ ಕೇ. 1970ರ ದಶಕದಲ್ಲಿ ಅಮೆರಿಕದ ಝೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ಅವರ ತಂಡ ಸ್ಮಾಲ್‌ಟಾಕ್ ಅನ್ನೋ ಭಾಷೆ ಮಾಡಿತು. ಪೂರಾ ಆಬ್ಜೆಕ್ಟುಗಳದ್ದೇ ಭಾಷೆ. ಅದನ್ನ ಅವರು ಮಾಡ್ತಿದ್ದದ್ದೇ ಮಕ್ಕಳಿಗೆ ಅಂತ. ಜೊತೆಗಿದ್ದ ಅಡೆಲ್ ಗೋಲ್ಡ್‌ಬರ್ಗ್ ಪಾಠ ಶುರು ಮಾಡ್ತಿದ್ದದ್ದು ಪರದೆ ಮೇಲಿನ ಒಂದು ಚೌಕದಿಂದ. ಅದಕ್ಕೆ ಜೋ ಅಂತ ಹೆಸರು. ಜೋ, ದೊಡ್ಡವನಾಗು. ಜೋ, ಸ್ವಲ್ಪ ತಿರುಗು. ಹೇಳಿದ ಹಾಗೆ ಜೋ ಕೇಳ್ತಿದ್ದ. ಇನ್ನೊಂದು ಚೌಕ ಬೇಕಾ, ಅದೇ ಥರ ಇನ್ನೊಬ್ಬನನ್ನ ಹುಟ್ಟಿಸಿ. ಹನ್ನೆರಡು ಹದಿಮೂರರ ಆ ಮಕ್ಕಳಿಗೆ ಅದಕ್ಕೆ ಮುಂಚೆ ಬೇರೆ ಭಾಷೆ ಕಲಿತಿರಲೇಬೇಕು ಅನ್ನೋ ಷರತ್ತೇ ಇರಲಿಲ್ಲ.

ಈ ಐಡಿಯಾ ಕೇಗೆ ಹತ್ತಿದ್ದರಲ್ಲಿ 1967ರ ಲೋಗೋ ಭಾಷೆಯ ಪಾಲೂ ಇದೆ, ಆಮೆಗೆ ಮುಂದೆ ಹೋಗು, ಬಲಕ್ಕೆ ತಿರುಗು ಅಂತ ಹೇಳಿ ಚಿತ್ರ ಬರೆಸೋ ಭಾಷೆ. ಆ ಲೋಗೋವನ್ನ ಡಾ. ಯು.ಬಿ. ಪವನಜ ಅವರು ಕನ್ನಡಕ್ಕೂ ತಂದರು. ಆದೇಶಗಳೇ ಕನ್ನಡದಲ್ಲಿ! ನಮ್ಮ ಶಾಲೆಗಳಿಗೆ ಅದು ಸರಿಯಾಗಿ ತಲುಪಿದ್ದಿದ್ದರೆ "ನನಗೆ ಇಂಗ್ಲಿಷ್ ಬರಲ್ಲ, ಕೋಡಿಂಗ್ ಎಲ್ಲಿಂದ ಬರುತ್ತೆ" ಅನ್ನೋ ಮಾತು ಎಷ್ಟೋ ಕಡಿಮೆ ಆಗ್ತಿತ್ತು ಅಂತ ನನಗನ್ಸುತ್ತೆ.

ಆದ್ರೆ ಕೇ ಅವರ ಕಥೆಯಲ್ಲಿ ಇನ್ನೊಂದರ್ಧ ಇದೆ. ಸ್ಮಾಲ್‌ಟಾಕಿನ ಇತಿಹಾಸ ಬರೀತಾ 1993ರಲ್ಲಿ ಅವರೇ ಒಪ್ಪಿಕೊಳ್ತಾರೆ: ಪ್ರೋಗ್ರಾಮರ್ ಅಲ್ಲದ ದೊಡ್ಡವರಿಗೆ ಇದೇ ಭಾಷೆ ಕಲಿಸಿದಾಗ ಅವರು ಚೌಕ ಗೀಕ ಎಲ್ಲ ಚೆನ್ನಾಗಿ, ಮಕ್ಕಳಿಗಿಂತ ಬೇಗ ಮಾಡಿದರು. ಆಮೇಲೆ ಹೆಸರು-ವಿಳಾಸ ಇಟ್ಟುಕೊಳ್ಳೋ ಚಿಕ್ಕ ಕಾರ್ಡ್ ಫೈಲಿನಂಥ ಪ್ರೋಗ್ರಾಂ ಬರೀರಿ ಅಂದ್ರೆ ಹತ್ತಿರಕ್ಕೂ ಬರಲಿಲ್ಲ. ಭಾಷೆ ಅಡ್ಡ ಬಂದಿದ್ದಲ್ಲ. ಸಮಸ್ಯೆಯನ್ನ ಯಾವ ಯಾವ ಭಾಗ ಮಾಡಬೇಕು, ಯಾವುದು ಯಾವುದರ ಜೊತೆ ಇರಬೇಕು ಅನ್ನೋದು ಹೊಳೀಲಿಲ್ಲ. ಕಲಿಯೋರು ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಇದನ್ನ ಸಿ ಮೂರು ತಿಂಗಳು ಓದಿದರೆ ಸರಿ ಹೋಗುತ್ತೆ ಅಂತ ಅಂದುಕೊಂಡಿರೋದರಲ್ಲಿ ತೊಂದರೆ ಇರೋದು.

ನಮ್ಮ ಕಡೆಯದೇ ಉದಾಹರಣೆ ಕೊಡ್ತೀನಿ. ಹೊಗೆಸೊಪ್ಪು. ಈ ನಾಲ್ಕು ತಾಲ್ಲೂಕಿನಲ್ಲಿ ಎಷ್ಟು ಮಕ್ಕಳ ಕಾಲೇಜು ಫೀಸು ಹರಾಜು ಕಟ್ಟೆಯ ದುಡ್ಡಿನಿಂದ ಬಂದಿದೆ ಅನ್ನೋದು ನಿಮಗೂ ಗೊತ್ತು. (ಆ ಬೆಳೆ ಇರಬೇಕಾ ಬೇಡವಾ ಅನ್ನೋ ಜಗಳಕ್ಕೆ ಇವತ್ತು ಹೋಗಲ್ಲ.) ಬ್ಯಾರನ್‌ನಲ್ಲಿ ಬೇಯಿಸಿ, ಹದ ಮಾಡಿ, ಗ್ರೇಡ್ ಮಾಡಿ, ಬೇಲ್ ಕಟ್ಟಿ ತಂಬಾಕು ಮಂಡಳಿಯ ಹರಾಜು ಕಟ್ಟೆಗೆ ಹಾಕ್ತೀವಿ. ಒಂದೊಂದು ಬೇಲಿಗೂ ತೂಕ, ಕೆಜಿಗೆ ರೇಟು. ಈಗ ಇದಕ್ಕೊಂದು ಪುಟ್ಟ ಪ್ರೋಗ್ರಾಂ ಬರೀಬೇಕು ಅಂದುಕೊಳ್ಳಿ. ಹೊಸಬರು ಸಹಜವಾಗಿ ಮೂರು ಪಟ್ಟಿ ಮಾಡ್ತಾರೆ: ಹೆಸರಿನದ್ದೊಂದು, ತೂಕದ್ದೊಂದು, ರೇಟಿನದ್ದೊಂದು.

ಪಿರಿಯಾಪಟ್ಟಣದವರ ಬೇಲು 110 ಕೆಜಿ, ರೇಟು 240. ಹುಣಸೂರಿನವರದ್ದು 95 ಕೆಜಿ, 275. ಕೋಟೆಯವರದ್ದು 120 ಕೆಜಿ, 260. (ಲೆಕ್ಕಕ್ಕೆ ಹಿಡಿದ ಸಂಖ್ಯೆಗಳು, ಈ ವರ್ಷದ ರೇಟು ಅಂತ ನನ್ನನ್ನ ಹಿಡ್ಕೋಬೇಡಿ.) ಗುಣಿಸಿದರೆ ಕ್ರಮವಾಗಿ 26,400, 26,125 ಮತ್ತು 31,200 ರೂಪಾಯಿ. ಒಟ್ಟು 83,725. ಇಲ್ಲೀವರೆಗೆ ಸರಿ. ಈಗ ಯಾರೋ ಹೇಳ್ತಾರೆ, ಜಾಸ್ತಿ ರೇಟು ಬಂದಿದ್ದು ಮೊದಲು ಕಾಣಬೇಕು. ಹುಡುಗ ರೇಟಿನ ಪಟ್ಟಿಯನ್ನ ಸಾರ್ಟ್ ಮಾಡ್ತಾನೆ. 275, 260, 240 ಅಂತ ನೀಟಾಗಿ ನಿಲ್ತವೆ. ಹೆಸರು, ತೂಕ ಮಾತ್ರ ಹಳೇ ಜಾಗದಲ್ಲೇ ಇವೆ! ಪಿರಿಯಾಪಟ್ಟಣದವರಿಗೆ 275ರ ರೇಟು ಹತ್ತಿ 30,250 ಆಯ್ತು. ಹುಣಸೂರಿನವರಿಗೆ 24,700. ಕೋಟೆಯವರಿಗೆ 28,800, ಅಂದ್ರೆ 2,400 ರೂಪಾಯಿ ಖೋತಾ. ಮಜಾ ಏನಂದ್ರೆ ಒಟ್ಟು 83,750 ಬರುತ್ತೆ, ವ್ಯತ್ಯಾಸ ಬರೀ 25 ರೂಪಾಯಿ. ಕೆಳಗಿನ ಟೋಟಲ್ ಮಾತ್ರ ನೋಡೋರಿಗೆ ಗೊತ್ತೇ ಆಗಲ್ಲ. ಪ್ರೋಗ್ರಾಂ ಎರರ್ ಕೊಡಲ್ಲ, ಓಡುತ್ತೆ, ತಪ್ಪು ಹೇಳುತ್ತೆ.

ಹರಾಜು ಕಟ್ಟೆಯಲ್ಲಿ ಹೀಗಾಗಲ್ಲ. ಯಾಕೆ? ಚೀಟಿ ಬೇಲಿನ ಮೇಲೇ ಇರುತ್ತೆ. ಬೇಲನ್ನ ಈ ಸಾಲಿನಿಂದ ಆ ಸಾಲಿಗೆ ತಳ್ಳಿದರೆ ಚೀಟಿಯೂ ಜೊತೆಗೆ ಹೋಗುತ್ತೆ. ಆಬ್ಜೆಕ್ಟ್ ಅಂದ್ರೆ ಇಷ್ಟೇ ಕಣ್ರೀ. ಬೇಲ್ ಅಂತ ಒಂದು ಕ್ಲಾಸು. ಪ್ರತಿ ಬೇಲಿನೊಳಗೂ ಅದರದ್ದೇ ಹೆಸರು, ಅದರದ್ದೇ ತೂಕ, ಅದರದ್ದೇ ರೇಟು. ನಿನ್ನ ಬಿಲ್ಲೆಷ್ಟು ಅಂತ ಬೇಲನ್ನೇ ಕೇಳಿದರೆ ಅದೇ ಗುಣಿಸಿ ಹೇಳುತ್ತೆ. ಸಾರ್ಟ್ ಮಾಡಿದರೆ ಇಡೀ ಬೇಲೇ ಜಾಗ ಬದಲಾಯಿಸುತ್ತೆ. ಕೋಟೆಯವರ ದುಡ್ಡು ಕೋಟೆಯವರ ಹತ್ರವೇ ಇರುತ್ತೆ.

ಈಗ ನೋಡಿ, ಇದನ್ನ ಅರ್ಥ ಮಾಡಿಕೊಳ್ಳೋಕೆ ನಿಮಗೆ ಏನೇನು ಬೇಕಾಯ್ತು? ಒಂದು ಹೆಸರಿನಲ್ಲಿ ಒಂದು ಬೆಲೆ ಇಡೋದು. ಪಟ್ಟಿ. ಪಟ್ಟಿಯ ಒಂದೊಂದನ್ನೂ ಮುಟ್ಟಿ ಬರೋ ಲೂಪು. ಹೀಗಿದ್ರೆ ಹೀಗೆ, ಇಲ್ಲಾಂದ್ರೆ ಹಾಗೆ ಅನ್ನೋ ಇಫ್. ಕೆಲಸಕ್ಕೊಂದು ಹೆಸರು ಕೊಡೋ ಫಂಕ್ಷನ್ನು. ಇವು ಬೇಕೇ ಬೇಕು. ಸಿ ಮೊದಲು ಕಲೀರಿ ಅನ್ನೋರು ನಿಜವಾಗಿ ಹೇಳ್ತಿರೋದು ಇದನ್ನೇ, ಅಷ್ಟರ ಮಟ್ಟಿಗೆ ಅವರ ಮಾತು ಸರಿ. ಆದ್ರೆ ಇವು ಸಿ ಆಸ್ತಿ ಅಲ್ಲ. ಪೈಥಾನಿನಲ್ಲೂ ಇವೆ, ಜಾವಾದಲ್ಲೂ ಇವೆ. ಅಲ್ಲೇ ಕಲೀಬಹುದು. ಸಿ ಕಲಿತರೆ ಇವುಗಳ ಜೊತೆಗೆ ಮೆಮೊರಿ ಅಡ್ರೆಸ್ಸು, ಪಾಯಿಂಟರು, ಸ್ಕ್ಯಾನ್‌ಎಫ್‌ನಲ್ಲಿ ಆ ಅಂಪರ್‌ಸ್ಯಾಂಡ್ ಯಾಕೆ ಅನ್ನೋ ಒಗಟು ಇವನ್ನೂ ಹೊರಬೇಕು. ಮೊದಲ ತಿಂಗಳಲ್ಲೇ.

ಮನೇಲಿ ಒಬ್ಬರೇ ಕೂತು ಕಲಿಯೋರಿಗೆ ಸಿ ಇನ್ನೊಂದು ಥರದಲ್ಲೂ ಕಷ್ಟ. ಐದು ಬೇಲಿನ ಪಟ್ಟಿಯಲ್ಲಿ ಆರನೇ ಬೇಲು ಕೇಳಿದಿರಿ ಅಂದುಕೊಳ್ಳಿ. ಜಾವಾ ತಕ್ಷಣ ನಿಂತು, ಇಷ್ಟನೇ ಸಾಲಿನಲ್ಲಿ, ಪಟ್ಟಿಯ ಅಳತೆ ಮೀರಿ ಹೋದೆ ಅಂತ ಹೇಳುತ್ತೆ. ಪೈಥಾನೂ ಹೇಳುತ್ತೆ. ಸಿ ಏನೂ ಹೇಳದೆ ಅಲ್ಲಿ ಬಿದ್ದಿರೋ ಯಾವುದೋ ಸಂಖ್ಯೆಯನ್ನ ಎತ್ತಿ ಕೊಡಬಹುದು. ಇಲ್ಲಾಂದ್ರೆ "ಸೆಗ್ಮೆಂಟೇಷನ್ ಫಾಲ್ಟ್" ಅಂತ ಎರಡೇ ಪದ ಹೇಳಿ ಮಲಗಬಹುದು. ಯಾವ ಸಾಲು, ಏನು ತಪ್ಪು, ನೀವೇ ಹುಡುಕಿ. ಕಾಲೇಜು ಲ್ಯಾಬಿನಲ್ಲಿ ಪಕ್ಕದವನನ್ನ ಕೇಳಬಹುದು. ರಾತ್ರಿ ಹತ್ತು ಗಂಟೆಗೆ ಸರಗೂರಿನ ಹತ್ತಿರದ ಹಳ್ಳಿಯಲ್ಲಿ ಕೂತವರು ಯಾರನ್ನ ಕೇಳ್ತಾರೆ? ಪಾಯಿಂಟರ್ ಚಾಪ್ಟರಿಗೆ ಬಂದು "ಇದು ನಮ್ಮಂಥೋರಿಗಲ್ಲ ಬಿಡಣ್ಣ" ಅಂತ ಪುಸ್ತಕ ಮುಚ್ಚಿದ ಮೂರು ಜನ ನನಗೆ ಗೊತ್ತು. ಅವರಲ್ಲಿ ಒಬ್ಬ ಲೆಕ್ಕದಲ್ಲಿ ನನಗಿಂತ ಎಷ್ಟೋ ಚುರುಕು.

ಎರರ್ ಮಾತು ಬಂತು ಅಂದಮೇಲೆ ಇದನ್ನೂ ಹೇಳಿಬಿಡ್ತೀನಿ. ಕನ್ನಡ ಮೀಡಿಯಂನಿಂದ ಬಂದವರಿಗೆ ಮುಂಚೆ ಬೇಕಾಗೋ ಭಾಷೆ ಏನಾದ್ರೂ ಇದ್ರೆ ಅದು ಚೂರು ಇಂಗ್ಲಿಷ್. ಮಾತಾಡೋ ಇಂಗ್ಲಿಷ್ ಅಲ್ಲ, ಓದೋ ಇಂಗ್ಲಿಷ್. ಅದೂ ಬಹಳ ಇಲ್ಲ. ಜಾವಾ "ಕೆನಾಟ್ ಫೈಂಡ್ ಸಿಂಬಲ್" ಅಂದ್ರೆ ನೀನು ಹೇಳಿದ ಈ ಹೆಸರು ನನಗೆ ಗೊತ್ತಿಲ್ಲ ಅಂತ, ಬಹಳ ಸಲ ಸ್ಪೆಲ್ಲಿಂಗ್ ತಪ್ಪಿರುತ್ತೆ. ಪೈಥಾನ್ "ಇಂಡೆಂಟೇಷನ್ ಎರರ್" ಅಂದ್ರೆ ಸಾಲಿನ ಶುರುವಿನಲ್ಲಿ ಬಿಟ್ಟ ಜಾಗ ಸರಿ ಇಲ್ಲ ಅಂತ. ಇಂಥ ಮೂವತ್ತು ನಲವತ್ತು ಸಾಲು ಬಂದರೆ ಮೊದಲ ಆರು ತಿಂಗಳು ದಾಟಬಹುದು. ನನ್ನ ತಂಗಿಗೆ ಹೇಳಿದ್ದೀನಿ, ಎರರ್ ಬಂದಾಗೆಲ್ಲ ಅದನ್ನ ನೋಟ್‌ಬುಕ್ಕಿನಲ್ಲಿ ಬರ್ಕೊಂಡು ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ ಬರಿ ಅಂತ. ಈಗ ನಾಲ್ಕು ಪುಟ ಆಗಿದೆಯಂತೆ. ಸಿ ಕೋರ್ಸಿನ ಮೂರು ತಿಂಗಳನ್ನ ಇದಕ್ಕೆ ಕೊಟ್ಟರೆ ಎಷ್ಟೋ ಮೇಲು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಪ್ರೋಗ್ರಾಮಿಂಗ್ ಪಾಠಗಳು ಕನ್ನಡ ಧ್ವನಿಯಲ್ಲೂ ಪುಕ್ಕಟೆ ಸಿಗ್ತವೆ. ಸ್ವಲ್ಪ ನಿಧಾನ, ಸ್ವಲ್ಪ ಹಳೇ ಕಾಲದ ಥರ ಇವೆ, ಆದ್ರೆ ಬಸ್ಸಲ್ಲಿ ಕೂತು ನೋಡೋಕೆ ಮೋಸ ಇಲ್ಲ.

ಹಾಗಾದ್ರೆ ಸಿ ಯಾರಿಗೆ ಬೇಕು? ಬೇಕಾದವರಿದ್ದಾರೆ. ಗೇಟ್ ಬರೆಯೋರಿಗೆ ಬೇಕು, ಕಂಪ್ಯೂಟರ್ ಸೈನ್ಸ್ ಪೇಪರಿನ ಸಿಲಬಸ್ಸಿನಲ್ಲೇ ಸಿ ಇದೆ. ವಿಟಿಯು ಓದ್ತಿರೋರಿಗೆ ಹೇಗೂ ತಪ್ಪಲ್ಲ. ಎಂಬೆಡೆಡ್, ಡಿವೈಸ್ ಡ್ರೈವರ್, ಲಿನಕ್ಸ್ ಕರ್ನಲ್ ಕಡೆ ಹೋಗೋರಿಗೆ ಅದೇ ಅನ್ನ. ಅಷ್ಟೇಕೆ, ನಾವೆಲ್ಲ ಬಳಸೋ ಪೈಥಾನನ್ನೇ ಬರೆದಿರೋದು ಸಿನಲ್ಲಿ. ಎರಡು ಮೂರು ವರ್ಷ ಕೆಲಸ ಮಾಡಿದ ಮೇಲೆ ಸಿ ಓದಿದ್ರೆ ಒಳಗೆ ಏನು ನಡೀತಿದೆ ಅನ್ನೋದು ಕಣ್ಣಿಗೆ ಕಾಣೋ ಖುಷಿಯೇ ಬೇರೆ. ಆದ್ರೆ ಅದು ಬ್ಯಾಂಕಿನ ವೆಬ್‌ಸೈಟಿಗೆ ಕೋಡ್ ಬರೆಯೋ ಕೆಲಸಕ್ಕೆ ಹೋಗೋರ ಗೇಟ್‌ಪಾಸ್ ಅಲ್ಲ. ಗಾಡಿ ಓಡಿಸೋಕೆ ಕಲಿಯೋ ಮುಂಚೆ ಎಂಜಿನ್ ಬಿಚ್ಚಿ ಜೋಡಿಸಬೇಕು ಅಂದ್ರೆ ನಮ್ಮೂರಲ್ಲಿ ಯಾರೂ ಟ್ರ್ಯಾಕ್ಟರ್ ಹತ್ತುತ್ತಿರಲಿಲ್ಲ.

ನೇರ ಜಾವಾಗೆ ಹೋದರೂ ಒಂದು ಕಾಟ ಇತ್ತು, ಅದು ನಿಜ. "ನಮಸ್ಕಾರ" ಅಂತ ಒಂದು ಪದ ಪರದೆ ಮೇಲೆ ಬರಬೇಕಾದ್ರೂ ಪಬ್ಲಿಕ್ ಕ್ಲಾಸು, ಪಬ್ಲಿಕ್ ಸ್ಟಾಟಿಕ್ ವಾಯ್ಡ್ ಮೇನು ಅಂತ ಅರ್ಥವಾಗದ ಮಂತ್ರ ಬರೀಬೇಕಿತ್ತು. ಮೇಷ್ಟ್ರು "ಅದು ಹಂಗೇ ಬರ್ಕೊಳ್ಳಿ, ಆಮೇಲೆ ಹೇಳ್ತೀನಿ" ಅನ್ನೋರು. ಮೊದಲು ಸಿ ಅನ್ನೋ ವಾದಕ್ಕೆ ಇದೂ ಒಂದು ಕಾರಣ. ಜಾವಾದವರಿಗೇ ಇದು ಗೊತ್ತಾಗಿ, 2023ರ ಜಾವಾ 21ರಲ್ಲಿ ಪ್ರಯೋಗಕ್ಕೆ ಬಿಟ್ಟು, 2025ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 25ರಲ್ಲಿ ಖಾಯಂ ಮಾಡಿದರು: ಕ್ಲಾಸಿನ ಹೆಸರೇ ಇಲ್ಲದೆ, ಬರೀ ಮೇನ್ ಬರೆದು ಶುರು ಮಾಡಬಹುದು. ಹೊಸಬರಿಗೆ ಅಂತಲೇ ಮಾಡಿದ ಬದಲಾವಣೆ. ನಿಮ್ಮ ಇನ್‌ಸ್ಟಿಟ್ಯೂಟ್ ಇನ್ನೂ ಜಾವಾ 8ರಲ್ಲೇ ಇದ್ದರೆ ಒಂದು ಮಾತು ಕೇಳಿ ನೋಡಿ.

ಲ್ಯಾಪ್‌ಟಾಪ್ ಇಲ್ಲದೆ ಫೋನಿನಲ್ಲೇ ಶುರು ಮಾಡೋರಿಗೆ ನಾನು ಪೈಥಾನನ್ನೇ ಹೇಳೋದು. ಚಿಕ್ಕ ಪರದೆಯಲ್ಲಿ ಬ್ರಾಕೆಟ್ಟು, ಸೆಮಿಕೋಲನ್ನು ಹುಡುಕೋ ಗೋಳು ಕಡಿಮೆ. ಕ್ಲಾಸ್ ಬೇಡ ಅಂದ್ರೆ ತಿಂಗಳುಗಟ್ಟಲೆ ಬೇಡ ಅಂತಲೇ ಇರಬಹುದು, ಬೇಕಾದ ದಿನ ಅಲ್ಲೇ ಇದೆ. ಹಾಂ, ಲೋಗೋದ ಆ ಆಮೆ ಪೈಥಾನಿನ ಜೊತೆಗೂ ಬರುತ್ತೆ, ಕಂಪ್ಯೂಟರಿನಲ್ಲಾದ್ರೆ ಅದರಿಂದಲೇ ಶುರು ಮಾಡಿ. ಎರಡು ಆಮೆ ಹುಟ್ಟಿಸಿ ಒಂದನ್ನ ಎಡಕ್ಕೆ, ಇನ್ನೊಂದನ್ನ ಬಲಕ್ಕೆ ಕಳಿಸಿದ ದಿನ ಆಬ್ಜೆಕ್ಟ್ ಅಂದ್ರೇನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಪೈಥಾನೋ ಜಾವಾನೋ ಅನ್ನೋದರ ಮೇಲೂ ಒಂದು ತಿಂಗಳು ಜಗಳ ಆಡೋರಿದ್ದಾರೆ. ಸುಮ್ನೆ ಮೈಸೂರು, ಬೆಂಗಳೂರಿನ ಕೆಲಸದ ಜಾಹೀರಾತು ಇಪ್ಪತ್ತು ತೆಗೆದು ನೋಡಿ, ನಿಮಗೆ ಬೇಕಾದ ಕೆಲಸಕ್ಕೆ ಯಾವುದು ಕೇಳ್ತಾರೋ ಅದು. ನನ್ನ ತಂಗಿ ಅಕೌಂಟ್ಸ್ ಕಡೆಯವಳು, ಜಿಎಸ್‌ಟಿ, ಟ್ಯಾಲಿ ಗೊತ್ತು, ಡೇಟಾ ಕಡೆ ಹೋಗೋ ಆಸೆ. ಅದಕ್ಕೆ ಪೈಥಾನ್ ಹಿಡಿದಿದ್ದಾಳೆ. ಆ ಚೀಟಿಯಲ್ಲಿ ಪೈಥಾನಿನ ಹೆಸರೇ ಇರಲಿಲ್ಲ ಅನ್ನೋದು ಬೇರೆ ಮಾತು. ಎರಡು ತಿಂಗಳಾಯ್ತು, ಇನ್ನೂ ಕ್ಲಾಸ್ ಬರೆದಿಲ್ಲ. ಮೂರು ಪಟ್ಟಿ ಇಟ್ಟುಕೊಂಡು ಅವರಪ್ಪನ ಬೇಲಿನ ಲೆಕ್ಕ ಮಾಡ್ತಿದ್ದಾಳೆ. ನಾನೂ ಏನೂ ಹೇಳಿಲ್ಲ, ಸಾರ್ಟ್ ಮಾಡೋ ದಿನಕ್ಕೆ ಕಾಯ್ತಿದ್ದೀನಿ.

ನಿಮಗೂ ಮಾಡಿ ನೋಡಬೇಕು ಅನ್ಸಿದ್ರೆ ಇದೇ ಬೇಲಿನ ಪ್ರೋಗ್ರಾಂ ತಗೊಳ್ಳಿ. ಮೂರರ ಬದಲು ಹತ್ತು ಬೇಲು ಇಡಿ. ಮೊದಲು ಬರೀ ಪಟ್ಟಿಯಲ್ಲಿ ಮಾಡಿ, ಕೆಡಿಸಿ, ಆಮೇಲೆ ಕ್ಲಾಸಿಗೆ ತನ್ನಿ. ಅದು ಆದಮೇಲೆ ಒಂದು ಕಷ್ಟದ್ದು: ಕೆಲವು ಬೇಲಿಗೆ ಅವತ್ತು ಯಾರೂ ಕೂಗಲ್ಲ, ನೋ ಬಿಡ್ ಆಗಿ ವಾಪಸ್ ಬಂದು ಇನ್ನೊಂದು ದಿನ ಮತ್ತೆ ಹರಾಜಿಗೆ ಹೋಗುತ್ತೆ. ಅದಕ್ಕೆ ರೇಟು ಸೊನ್ನೆ ಅಂತ ಇಟ್ಟರೆ ಸರಾಸರಿ ಕೆಡುತ್ತೆ. ಏನೂ ಇಡದಿದ್ರೆ ಬಿಲ್ ಕೇಳಿದಾಗ ಪ್ರೋಗ್ರಾಂ ಬೀಳುತ್ತೆ. ಆ ಬೇಲು ತನ್ನ ಬಗ್ಗೆ ಏನು ನೆನಪಿಟ್ಟುಕೊಳ್ಳಬೇಕು, ಬಿಲ್ಲೆಷ್ಟು ಅಂತ ಕೇಳಿದರೆ ಏನು ಹೇಳಬೇಕು? ಬರೆದು ಕಳಿಸಿ. ಯಾವ ಭಾಷೆಯಲ್ಲಾದರೂ ಸರಿ, ಸಿನಲ್ಲಿ ಬರೆದರೂ ಓದ್ತೀನಿ.